ಏಳು ತಿಂಗಳ ಬಸುರಿ, ‘ರಾಜಿ ಕತ್ತ್’ ಕೊಡು ಎನ್ನುತ್ತಿದ್ದಾರೆ. ಕೊಡಬೇಕಾ?

ಬದಿಯಡ್ಕದ ಸೊಸೆ · ಜನವರಿ 12, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ನನ್ನ ತವರು ವಿಟ್ಲದ ಹತ್ತಿರ. ಮದುವೆಯಾಗಿ ಬದಿಯಡ್ಕಕ್ಕೆ ಬಂದು ಐದು ವರ್ಷ. ಕಾಸರಗೋಡು ಪೇಟೆಯ ಒಂದು ದೊಡ್ಡ ಅಂಗಡಿಯಲ್ಲಿ ಬಿಲ್ಲಿಂಗ್, ಲೆಕ್ಕ ಬರೆಯುವ ಕೆಲಸ. ಸೇರಿ ನಾಲ್ಕು ವರ್ಷ ಆಯಿತು. ಸಂಬಳ 17,500. ಈಗ ಏಳು ತಿಂಗಳು, ಮಾರ್ಚ್ 20ಕ್ಕೆ ಡೇಟ್ ಕೊಟ್ಟಿದ್ದಾರೆ.

ಶನಿವಾರ ಮ್ಯಾನೇಜರ್ ಒಳಗೆ ಕರೆದರು. ಮೇಲಿನ ಮಹಡಿ ಮುಚ್ಚುತ್ತೇವೆ, ನಾಲ್ಕು ಜನರನ್ನು ಕಡಿಮೆ ಮಾಡಬೇಕು, ನೀನು ಹೇಗೂ ರಜೆ ಮೇಲೆ ಹೋಗುವವಳು, ಒಂದು ‘ರಾಜಿ ಕತ್ತ್’ ಕೊಟ್ಟುಬಿಡು ಎಂದರು. ಮಗುವಿಗೆ ಒಂದು ವರ್ಷ ಆದ ಮೇಲೆ ಬಾ, ನೋಡೋಣ ಅಂತಲೂ ಹೇಳಿದರು. ಮಾತು ಅರ್ಧ ಮಲಯಾಳ, ಅರ್ಧ ಕನ್ನಡ. ನಾನು ಕನ್ನಡದಲ್ಲೇ ಕಲಿತವಳು. ರಾಜಿ ಎಂದರೆ ನಮ್ಮ ರಾಜಿಯೇ ಅಂದುಕೊಂಡೆ, ಇಬ್ಬರೂ ಒಪ್ಪಿ ಮಾಡಿಕೊಳ್ಳುವುದು ಅಂತ. ಕಾಗದ ಮಲಯಾಳದಲ್ಲಿ ಟೈಪ್ ಆಗಿ ತಯಾರಿತ್ತು. ತಾರೀಕಿನ ಜಾಗ ಖಾಲಿ. ಕೆಳಗೆ ಸಹಿ ಹಾಕುವಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಅವರೇ ಪೆನ್ನಿನ ಮುಚ್ಚಳ ತೆಗೆದು ಮುಂದಿಟ್ಟರು.

ಯಾಕೋ ಕೈ ಬರಲಿಲ್ಲ. ಮನೆಯಲ್ಲಿ ತೋರಿಸಿ ಕೊಡುತ್ತೇನೆ ಸರ್ ಎಂದು ಮಡಚಿ ಟಿಫಿನ್ ಚೀಲಕ್ಕೆ ಹಾಕಿಕೊಂಡೆ. ನಾದಿನಿ ಮಲಯಾಳ ಮೀಡಿಯಂನಲ್ಲಿ ಓದಿದವಳು. ಅವಳು ಎರಡು ಸಾಲು ಓದಿ ನನ್ನ ಮುಖ ನೋಡಿದಳು. “ಅತ್ತಿಗೆ, ಇದು ರಾಜಿ ಅಲ್ಲ, ರಾಜೀನಾಮೆ. ಸ್ವಂತ ಕಾರಣಕ್ಕೆ, ಸ್ವಂತ ಇಷ್ಟದಿಂದ ಬಿಡುತ್ತಿದ್ದೇನೆ ಅಂತ ಬರೆದಿದ್ದಾರೆ” ಎಂದಳು.

ಇವತ್ತು ಹೋದಾಗ ಮತ್ತೆ ಕೇಳಿದರು. ಶುಕ್ರವಾರದ ಒಳಗೆ ಬೇಕಂತೆ. ಇವರು ಜಗಳ ಬೇಡ ಎನ್ನುತ್ತಾರೆ. ಮನೆಯ ಸಾಲದ ಕಂತು ಅರ್ಧ ನನ್ನ ಸಂಬಳದಿಂದ ಹೋಗುವುದು. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

ಸೀತಾಂಗೋಳಿ ಅಕ್ಕ · ಜನವರಿ 12, ರಾತ್ರಿ 9:58

ತಂಗೀ, ಸಹಿ ಹಾಕಬೇಡ. ಉಳಿದದ್ದು ಆಮೇಲೆ ಮಾತಾಡೋಣ. ಮೊದಲು ಇದೊಂದು ಮಾತು ಕೊಡು.

ನಾನು ಹಾಕಿದವಳು. 2019ರಲ್ಲಿ, ಒಂದು ಕ್ಲಿನಿಕ್‌ನಲ್ಲಿ ರಿಸೆಪ್ಶನ್‌ನಲ್ಲಿದ್ದೆ. ಆರು ತಿಂಗಳಾದಾಗ ಇದೇ ಮಾತು: ಈಗ ಬರೆದುಕೊಡು, ಆಮೇಲೆ ಖಂಡಿತ ತೆಗೆದುಕೊಳ್ಳುತ್ತೇವೆ. ಒಳ್ಳೆಯವರು ಅಂತ ನಂಬಿದೆ. ಮಗುವಿಗೆ ಹತ್ತು ತಿಂಗಳಾದಾಗ ಹೋದೆ. ನನ್ನ ಕುರ್ಚಿಯಲ್ಲಿ ಬೇರೆ ಹುಡುಗಿ ಕೂತಿದ್ದಳು. ಲೇಬರ್ ಆಫೀಸಿಗೆ ಹೋದರೆ ಅವರು ನನ್ನದೇ ಕೈಬರಹದ ಕಾಗದ ತೋರಿಸಿ “ನೀವೇ ಬಿಟ್ಟದ್ದಲ್ವಾ ಅಮ್ಮಾ?” ಎಂದರು. ಏನು ಹೇಳಲಿ? ಆ ಕಾಗದದಲ್ಲಿ ಬಸುರಿ ಎಂಬ ಶಬ್ದವೇ ಇರಲಿಲ್ಲ. ‘ಮನೆಯ ತೊಂದರೆಯಿಂದ’ ಅಂತ ಅವರು ಹೇಳಿದ ಹಾಗೆ ಬರೆದಿದ್ದೆ. ಆರು ವರ್ಷ ದಾಟಿತು, ಈಗಲೂ ಆ ಸಾಲು ನೆನಪಾದರೆ ಹೊಟ್ಟೆ ಉರಿಯುತ್ತದೆ.

ನಿವೃತ್ತ ಗುಮಾಸ್ತ, ಕೂಡ್ಲು · ಜನವರಿ 12, ರಾತ್ರಿ 10:35

ಕಾರ್ಮಿಕರ ಕೇಸುಗಳ ಕಡತದ ಜೊತೆಯಲ್ಲೇ ಸರ್ವಿಸ್ ಕಳೆದವನು ನಾನು. ಸೀತಾಂಗೋಳಿಯ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಯಾಕೆ ಸರಿ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾನೂನು ಕಾಪಾಡುವುದು ಕೆಲಸದಿಂದ ತೆಗೆಯಲ್ಪಟ್ಟವಳನ್ನು. ತಾನಾಗಿ ಬಿಟ್ಟವಳನ್ನು ಅಲ್ಲ. ಅದಕ್ಕೇ ಅವರಿಗೆ ರಾಜೀನಾಮೆ ಬೇಕು. ತೆಗೆಯುವುದು ಅಷ್ಟು ಸುಲಭ ಆಗಿದ್ದರೆ ಅವರೇ ಒಂದು ಆರ್ಡರ್ ಕೊಡುತ್ತಿದ್ದರು, ನಿಮ್ಮ ಸಹಿಗೆ ಕಾಯುತ್ತಿರಲಿಲ್ಲ.

1961ರ ಹೆರಿಗೆ ಸೌಲಭ್ಯ ಕಾಯ್ದೆಯ 12ನೇ ಸೆಕ್ಷನ್ ಎಲ್ಲರೂ ಹೇಳುವಂಥದ್ದು. 2025 ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಹೆರಿಗೆಯ ವಿಷಯ ಈಗ ಸಾಮಾಜಿಕ ಭದ್ರತಾ ಸಂಹಿತೆಯ ಒಳಗಿದೆ, ಈ ರಕ್ಷಣೆ ಅಲ್ಲಿ 68ನೇ ಸೆಕ್ಷನ್. ನಂಬರ್ ಬದಲಾಗಿದೆ, ಮಾತು ಅದೇ. ಹೆರಿಗೆ ರಜೆಯಲ್ಲಿರುವವಳನ್ನು ರಜೆಯ ಕಾರಣಕ್ಕಾಗಲಿ, ರಜೆಯ ಅವಧಿಯಲ್ಲಾಗಲಿ ತೆಗೆಯುವಂತಿಲ್ಲ. ರಜೆಯ ನಡುವೆ ಮುಗಿಯುವ ಹಾಗೆ ಮೊದಲೇ ನೋಟೀಸ್ ಕೊಡುವಂತಿಲ್ಲ. ಸಂಬಳ, ಹುದ್ದೆ, ಷರತ್ತು ಯಾವುದನ್ನೂ ಅವಳಿಗೆ ನಷ್ಟವಾಗುವಂತೆ ಬದಲಿಸುವಂತಿಲ್ಲ.

ಇನ್ನು ಒಂದು ಸೂಕ್ಷ್ಮ ಇದೆ. ರಜೆಗೆ ಹೋಗುವ ಮೊದಲೇ, ಬಸುರಿಯಾಗಿರುವಾಗ ತೆಗೆದರು ಅಂತಿಟ್ಟುಕೊಳ್ಳಿ. ಆಗಲೂ ಹೆರಿಗೆಯ ಹಣ ತಪ್ಪುವುದಿಲ್ಲ. ತೆಗೆಯದಿದ್ದರೆ ಏನು ಸಿಗುತ್ತಿತ್ತೋ ಅದು ಸಿಗಲೇಬೇಕು. ದೊಡ್ಡ ದುರ್ನಡತೆ ಇದ್ದರೆ ಮಾತ್ರ ಬೇರೆ, ಅದನ್ನೂ ಬರವಣಿಗೆಯಲ್ಲಿ ಕೊಡಬೇಕು. ಅಂಥ ಆರ್ಡರ್ ಕೈಸೇರಿದ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಈ 60 ದಿನ ಮರೆಯಬೇಡಿ. ಬಾಣಂತನದಲ್ಲಿ ಎರಡು ತಿಂಗಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋಗುತ್ತದೆ.

ಎರಡು ಪ್ರಶ್ನೆ. ಪೇ ಸ್ಲಿಪ್‌ನಲ್ಲಿ ಇಎಸ್‌ಐ (ನೌಕರರ ಸರಕಾರಿ ವಿಮೆ) ಕಡಿತ ಇದೆಯಾ? ನಿಮ್ಮ ನಂತರ ಸೇರಿದವರು ಯಾರಾದರೂ ಉಳಿಯುತ್ತಿದ್ದಾರಾ?

ಬದಿಯಡ್ಕದ ಸೊಸೆ · ಜನವರಿ 12, ರಾತ್ರಿ 10:52

ಸಹಿ ಹಾಕುವುದಿಲ್ಲ ಅಕ್ಕಾ, ಮಾತು ಕೊಟ್ಟೆ.

ಸರ್, ಈಗಷ್ಟೇ ಸ್ಲಿಪ್ ತೆಗೆದು ನೋಡಿದೆ. ಇಎಸ್‌ಐ ಅಂತ 132 ರೂಪಾಯಿ ಕಡಿತ ಇದೆ. ಇಷ್ಟು ದಿನ ಅದು ಏನಂತಲೇ ಕೇಳಿರಲಿಲ್ಲ. ಕಳೆದ ಓಣಂ ಹೊತ್ತಿಗೆ ಸೇರಿದ ಇಬ್ಬರು ಹುಡುಗಿಯರು ಬಿಲ್ಲಿಂಗ್‌ನಲ್ಲಿ ಇದ್ದಾರೆ. ಅವರನ್ನು ತೆಗೆಯುತ್ತಿಲ್ಲ. ಅವರ ಹೊಟ್ಟೆ ಮೇಲೆ ಹೊಡೆಯಬೇಕು ಅಂತ ಹೇಳುತ್ತಿಲ್ಲ, ಕೇಳಿದಿರಿ ಅಂತ ಹೇಳಿದೆ.

ನಿವೃತ್ತ ಗುಮಾಸ್ತ, ಕೂಡ್ಲು · ಜನವರಿ 12, ರಾತ್ರಿ 11:20

ಆ 132 ರೂಪಾಯಿಯೇ ನಿಮ್ಮ ಕೈ ಹಿಡಿಯುವುದು. ಸಂಬಳದ ಶೇಕಡಾ 0.75 ನಿಮ್ಮದು, 3.25 ಮಾಲೀಕರದು. ತಿಂಗಳಿಗೆ 21,000ದವರೆಗೆ ಸಂಬಳ ಇರುವವರು ಇದರಲ್ಲಿ ಬರುತ್ತಾರೆ. ಇಎಸ್‌ಐ ಇದ್ದರೆ ಹೆರಿಗೆ ರಜೆಯ 26 ವಾರದ ಹಣ ಕೊಡುವುದು ಅಂಗಡಿ ಅಲ್ಲ, ಇಎಸ್‌ಐ. ಪೂರ್ತಿ ಸರಾಸರಿ ದಿನಗೂಲಿಯ ಲೆಕ್ಕದಲ್ಲಿ. ನಿಮ್ಮ ಸಂಬಳಕ್ಕೆ 182 ದಿನಕ್ಕೆ ಸುಮಾರು ಒಂದು ಲಕ್ಷ ಆಗುತ್ತದೆ. ಹಿಂದಿನ ಎರಡು ವಂತಿಗೆ ಅವಧಿಯಲ್ಲಿ (ಒಂದೊಂದು ಆರು ತಿಂಗಳದ್ದು) ಒಟ್ಟು 70 ದಿನ ಕಟ್ಟಿರಬೇಕು. ನಾಲ್ಕು ವರ್ಷ ಬಿಡದೆ ಹೋದವರಿಗೆ ಅದು ಸಮಸ್ಯೆಯೇ ಅಲ್ಲ.

ಅಂದರೆ ನಿಮ್ಮ ರಜೆಯಿಂದ ಅವರ ಗಲ್ಲಾಪೆಟ್ಟಿಗೆಯಿಂದ ಸಂಬಳ ಹೋಗುವುದಿಲ್ಲ. ಇದು ಮ್ಯಾನೇಜರಿಗೆ ಗೊತ್ತಿಲ್ಲದೆಯೂ ಇರಬಹುದು. ಎಷ್ಟೋ ಕಡೆ ಗೊತ್ತಿರುವುದಿಲ್ಲ, ನಾನು ನೋಡಿದ್ದೇನೆ. ಮೆಲ್ಲಗೆ ಹೇಳಿ ನೋಡಿ.

ಮಹಡಿ ಮುಚ್ಚುವುದು ನಿಜವೇ ಇರಬಹುದು. ಆಗಲೂ ಜನ ಕಡಿಮೆ ಮಾಡಲು ಒಂದು ಕ್ರಮ ಇದೆ. ಒಂದು ವರ್ಷ ದಾಟಿದವರಿಗೆ ಒಂದು ತಿಂಗಳ ನೋಟೀಸ್ ಅಥವಾ ಅದರ ಸಂಬಳ. ಮುಗಿಸಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ, ನಿಮ್ಮ ಲೆಕ್ಕಕ್ಕೆ 60 ದಿನದ್ದು. ಅದೇ ಬಗೆಯ ಕೆಲಸದಲ್ಲಿ ಕೊನೆಗೆ ಬಂದವರು ಮೊದಲು ಹೋಗಬೇಕು. ಅದನ್ನು ತಪ್ಪಿಸಿದರೆ ಕಾರಣ ಬರೆದಿಡಬೇಕು. ಮುಂದೆ ಮತ್ತೆ ಜನ ಬೇಕಾದರೆ ತೆಗೆದವರನ್ನೇ ಮೊದಲು ಕರೆಯಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಿಂದ ನಡೆದು ಬಂದ ನಿಯಮ ಇವು. ರಾಜೀನಾಮೆಗೆ ಸಹಿ ಹಾಕಿದರೆ ಇದೆಲ್ಲ ಒಂದೇ ಗೆರೆಯಲ್ಲಿ ಹೋಯಿತು.

ಲೆಸ್ಟರ್‌ನಲ್ಲಿರುವ ಮಂಜೇಶ್ವರದವಳು · ಜನವರಿ 13, ಬೆಳಿಗ್ಗೆ 4:15

ಇಲ್ಲಿ ರಾತ್ರಿ ಡ್ಯೂಟಿಗೆ ಹೊರಟಿದ್ದೆ, ಓದಿ ಮನಸ್ಸು ತಡೆಯಲಿಲ್ಲ. ನಾನು ಇಂಗ್ಲೆಂಡಿನಲ್ಲಿ ನರ್ಸ್. ನನ್ನ ವಾರ್ಡಿನ ಗೆಳತಿಗೆ ಇದೇ ಅನುಭವ ಆಯಿತು, ಆದರೆ ಇಲ್ಲಿನ ದಾರಿ ಬೇರೆ. ಇಲ್ಲಿ ಹುದ್ದೆ ಕಡಿತ ಮಾಡುವಾಗ ಹೆರಿಗೆ ರಜೆಯಲ್ಲಿರುವವಳಿಗೆ, ತಕ್ಕ ಬೇರೆ ಹುದ್ದೆ ಖಾಲಿ ಇದ್ದರೆ, ಅದನ್ನು ಮೊದಲು ಅವಳಿಗೇ ಕೊಡಬೇಕು. ಉಳಿದವರ ಜೊತೆ ಸ್ಪರ್ಧೆಗೆ ನಿಲ್ಲಿಸುವಂತಿಲ್ಲ. 2024 ಏಪ್ರಿಲ್ 6ರಿಂದ ಇದನ್ನು ಇನ್ನೂ ಹಿಗ್ಗಿಸಿದ್ದಾರೆ. ಬಸುರಿ ಎಂದು ಕೆಲಸದಲ್ಲಿ ತಿಳಿಸಿದ ದಿನದಿಂದ ಮಗುವಿಗೆ 18 ತಿಂಗಳಾಗುವವರೆಗೆ ಈ ರಕ್ಷಣೆ ಇದೆ.

ಹಾಗಂತ ಇಲ್ಲಿ ಎಲ್ಲವೂ ಸರಿ ಅಂತಲ್ಲ. ದೂರು ಕೊಡಲು ಮೂರು ತಿಂಗಳಿಗೆ ಒಂದು ದಿನ ಕಡಿಮೆ, ಅಷ್ಟೇ ಸಮಯ. ಹಸಿ ಬಾಣಂತಿ ಯಾವಾಗ ಓಡಾಡುವುದು? ನನ್ನ ಗೆಳತಿ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಫೋನಿನಲ್ಲಿ ಅರ್ಜಿ ತುಂಬಿದಳು. ನಮ್ಮ ಊರಲ್ಲಿ ಈ ‘ಮೊದಲು ಅವಳಿಗೆ’ ಎಂಬ ನಿಯಮ ಇದೆಯಾ?

ನಿವೃತ್ತ ಗುಮಾಸ್ತ, ಕೂಡ್ಲು · ಜನವರಿ 13, ಬೆಳಿಗ್ಗೆ 7:05

ಹಾಗೆ ಬರೆದ ನಿಯಮ ನಮ್ಮಲ್ಲಿ ಇಲ್ಲ. ಇರಬೇಕಿತ್ತು.

ಉಪ್ಪಳದ ವ್ಯಾಪಾರಿ · ಜನವರಿ 13, ಬೆಳಿಗ್ಗೆ 8:30

ಮಾಲೀಕರ ಕಡೆಯಿಂದಲೂ ಒಬ್ಬ ಮಾತಾಡಲಿ ಅಂತ ಬರೆಯುತ್ತಿದ್ದೇನೆ. ನನ್ನಲ್ಲಿ 12 ಜನ ಇದ್ದಾರೆ. ಆ ಮ್ಯಾನೇಜರ್ ಮಾಡಿದ್ದು ತಪ್ಪು, ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಕೇಳುವುದು ಮೋಸ. ಅದರಲ್ಲಿ ಎರಡು ಮಾತಿಲ್ಲ.

ಆದರೆ ಎರಡು ವರ್ಷದ ಹಿಂದೆ ನಮ್ಮ ಅಕೌಂಟೆಂಟ್ ರಜೆಗೆ ಹೋದಳು. ಅವಳ ಸಂಬಳ 22,500, ಇಎಸ್‌ಐ ಮಿತಿ ದಾಟಿತ್ತು. 26 ವಾರದ ಹಣ ನಾನೇ ಕೊಟ್ಟೆ, ಒಂದು ಲಕ್ಷ ಮೂವತ್ತು ಸಾವಿರದ ಮೇಲೆ. ಆ ಕೆಲಸಕ್ಕೆ ಬಂದ ಇನ್ನೊಬ್ಬರಿಗೆ ಬೇರೆ ಸಂಬಳ. ಅದೇ ಮಳೆಗಾಲದಲ್ಲಿ ವ್ಯಾಪಾರವೂ ಇರಲಿಲ್ಲ. ಕೊಟ್ಟದ್ದಕ್ಕೆ ಬೇಸರ ಇಲ್ಲ, ಅವಳು ವಾಪಸ್ ಬಂದು ಇವತ್ತೂ ನಮ್ಮಲ್ಲೇ ಇದ್ದಾಳೆ. ಆದರೆ ಸಣ್ಣ ಅಂಗಡಿಯವನೊಬ್ಬನೇ ಇಷ್ಟು ಹೊರಬೇಕಾ? ಇದರಿಂದ ಕೆಲವರು ಮದುವೆಯಾದ ಹುಡುಗಿಯರನ್ನು ಸೇರಿಸಿಕೊಳ್ಳುವುದೇ ಇಲ್ಲ. ನನ್ನ ಕಿವಿಯಲ್ಲೇ ಹಾಗೆ ಹೇಳಿದವರಿದ್ದಾರೆ.

ನಿವೃತ್ತ ಗುಮಾಸ್ತ, ಕೂಡ್ಲು · ಜನವರಿ 13, ಬೆಳಿಗ್ಗೆ 9:10

ನಿಮ್ಮ ಮಾತು ಒಪ್ಪುತ್ತೇನೆ. 2017ರಲ್ಲಿ ರಜೆಯನ್ನು 12 ವಾರದಿಂದ 26ಕ್ಕೆ ಏರಿಸಿದರು, ಖರ್ಚನ್ನು ಮಾಲೀಕರ ಮೇಲೆ ಬಿಟ್ಟರು. ಏಳು ವಾರದ ಸಂಬಳ ಸರಕಾರ ಮರಳಿಸುವ ಯೋಜನೆ ತರುತ್ತೇವೆ ಎಂದು 2018ರಲ್ಲಿ ಕೇಂದ್ರ ಕಾರ್ಮಿಕ ಇಲಾಖೆ ಹೇಳಿತ್ತು. ನೀವು ವ್ಯಾಪಾರಿಗಳ ಸಂಘದಿಂದ ಅದನ್ನು ಕೇಳಿ, ನಾವೂ ಜೊತೆ ಸೇರುತ್ತೇವೆ. ಆದರೆ ಆ ಭಾರವನ್ನು ಬಸುರಿಯ ತಲೆ ಮೇಲೆ ಇಳಿಸುವುದು ಪರಿಹಾರ ಅಲ್ಲ, ಅಲ್ವಾ? ಅವಳಿಗೆ ಆ ಹೊತ್ತಿನಲ್ಲಿ ಬೇರೆ ಕೆಲಸ ಹುಡುಕಲೂ ಆಗುವುದಿಲ್ಲ.

ಉಪ್ಪಳದ ವ್ಯಾಪಾರಿ · ಜನವರಿ 13, ಬೆಳಿಗ್ಗೆ 9:25

ಅದು ಸರಿಯೇ ಅಣ್ಣಾ. ಸಂಘದ ಮೀಟಿಂಗ್‌ನಲ್ಲಿ ಈ ವಿಷಯ ಎತ್ತುತ್ತೇನೆ.

ಪೆರ್ಲದ ಟೀಚರ್ · ಜನವರಿ 13, ಮಧ್ಯಾಹ್ನ 1:15

ನಾನು ಅನ್‌ಎಯ್ಡೆಡ್ ಶಾಲೆಯಲ್ಲಿ ಟೀಚರ್. ನಮಗೆ ಜೂನ್‌ನಿಂದ ಮಾರ್ಚ್‌ವರೆಗೆ ಅಂತ ಪ್ರತಿ ವರ್ಷ ಹೊಸ ಕಾಗದ. ನನ್ನ ಹೆರಿಗೆ ಏಪ್ರಿಲ್‌ನಲ್ಲಿತ್ತು. ಮಾರ್ಚ್ 31ಕ್ಕೆ ನಿಮ್ಮ ಅವಧಿ ಮುಗಿಯಿತು, ರಜೆ ಯಾವುದಕ್ಕೆ ಎಂದರು. ಖಾಸಗಿ ಶಾಲೆಯವರನ್ನು ಹೆರಿಗೆ ಕಾಯ್ದೆಯೊಳಗೆ ತಂದ ಮೊದಲ ರಾಜ್ಯ ಕೇರಳ, 2020ರಲ್ಲಿ. ಅದು ಆಗ ನನಗೆ ಗೊತ್ತೇ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಧಿ ಮುಗಿದರೆ ನಿಜವಾಗಿಯೂ ಹಕ್ಕು ಮುಗಿಯುತ್ತದಾ?

ನಿವೃತ್ತ ಗುಮಾಸ್ತ, ಕೂಡ್ಲು · ಜನವರಿ 13, ಮಧ್ಯಾಹ್ನ 2:00

ಇಲ್ಲ ಟೀಚರ್. 2023 ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ತೀರ್ಮಾನಿಸಿತು. ದೆಹಲಿಯ ಒಬ್ಬರು ಗುತ್ತಿಗೆ ವೈದ್ಯೆಯ ಕೇಸು. ಗುತ್ತಿಗೆ ರಜೆಯ ನಡುವೆ ಮುಗಿದರೂ ಹೆರಿಗೆ ಸೌಲಭ್ಯ ಅಲ್ಲಿಗೆ ನಿಲ್ಲುವುದಿಲ್ಲ ಎಂದಿತು. ಹೆರಿಗೆಯ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. ಅದಕ್ಕಿಂತ ಮೊದಲು, 2000ದಲ್ಲೇ, ದೆಹಲಿ ನಗರಪಾಲಿಕೆಯ ದಿನಗೂಲಿ ಹೆಂಗಸರಿಗೂ ಹೆರಿಗೆ ಸೌಲಭ್ಯ ಕೊಡಬೇಕು ಎಂದು ಅದೇ ಕೋರ್ಟ್ ಹೇಳಿದೆ. ರಸ್ತೆಯಲ್ಲಿ ಮಣ್ಣು ಹೊತ್ತವರಿಗೆ ಇರುವ ಹಕ್ಕು ಪಾಠ ಹೇಳುವವರಿಗೆ ಇಲ್ಲ ಅಂತ ಹೇಗೆ ಆಗುತ್ತದೆ?

ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ನಾನು ಮೇಲೆ ಹೇಳಿದ 15 ದಿನದ ಲೆಕ್ಕ ‘ವರ್ಕ್‌ಮನ್’ ಎನಿಸಿದವರಿಗೆ, ಅಂದರೆ ಕಾನೂನು ಕಾರ್ಮಿಕ ಎಂದು ಲೆಕ್ಕ ಹಿಡಿಯುವವರಿಗೆ. ಟೀಚರುಗಳು ಅದರಲ್ಲಿ ಬರುವುದಿಲ್ಲ ಎಂದು 1988ರಲ್ಲೇ ತೀರ್ಪಾಗಿದೆ. ಹೆರಿಗೆಯ ಹಕ್ಕಿಗೂ ಅದಕ್ಕೂ ಸಂಬಂಧ ಇಲ್ಲ.

ಕುಂಬಳೆಯ ಬೀಡಿ ಮನೆಯವಳು · ಜನವರಿ 13, ಸಂಜೆ 6:40

ನನ್ನ ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದವರು. ಮನೆಯ ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟು, ಎಲೆ ಕತ್ತರಿಸಿ, ನೂಲು ಸುತ್ತಿ. ನಾನು ಹುಟ್ಟುವ ಹಿಂದಿನ ದಿನವೂ ಕಟ್ಟಿದ್ದರಂತೆ. ಮನೆಯಲ್ಲಿ ಕೂತು ಕಟ್ಟುವವರಿಗೂ ಹೆರಿಗೆ ಸೌಲಭ್ಯ ಇದೆ ಎಂದು 1966ರ ಬೀಡಿ ಕಾಯ್ದೆಯಲ್ಲೇ ಬರೆದಿತ್ತು. ಇದು ನನಗೆ ಗೊತ್ತಾದದ್ದು ಕಾಲೇಜಿನಲ್ಲಿ. ಅಮ್ಮನಿಗೆ ಹೇಳಿದೆ. ಅವರು ಬೆರಳು ನೋಡಿಕೊಂಡು “ನಮಗೆ ಯಾರು ಹೇಳಿದ್ದಾರೆ?” ಎಂದರು. ಅಷ್ಟೇ.

ಬದಿಯಡ್ಕದ ಅಕ್ಕಾ, ನಿಮಗೆ ಹೇಳುವವರು ಇಷ್ಟು ಜನ ಇದ್ದಾರೆ. ಬಿಡಬೇಡಿ.

ಹೊಸಂಗಡಿಯಿಂದ ಮಂಗಳೂರಿಗೆ · ಜನವರಿ 13, ರಾತ್ರಿ 8:10

ನಮ್ಮ ಹಾಗೆ ದಿನಾ ತಲಪಾಡಿ ದಾಟಿ ಮಂಗಳೂರಿಗೆ ಕೆಲಸಕ್ಕೆ ಹೋಗುವವರು ಎಲ್ಲಿ ದೂರು ಕೊಡುವುದು? ಮನೆ ಕೇರಳ, ಕೆಲಸ ಕರ್ನಾಟಕ.

ನಿವೃತ್ತ ಗುಮಾಸ್ತ, ಕೂಡ್ಲು · ಜನವರಿ 13, ರಾತ್ರಿ 8:30

ಕೆಲಸದ ಜಾಗ ಎಲ್ಲಿಯೋ ಅಲ್ಲಿಯ ಕಾರ್ಮಿಕ ಇಲಾಖೆ. ನಿಮಗೆ ಮಂಗಳೂರು. ಕಾನೂನು ಕೇಂದ್ರದ್ದು, ಗಡಿಯ ಎರಡೂ ಕಡೆ ಒಂದೇ.

ಬದಿಯಡ್ಕದ ಸೊಸೆ · ಜನವರಿ 13, ರಾತ್ರಿ 9:15

ಇವರಿಗೂ ಓದಿ ಹೇಳಿದೆ. ಸುಮ್ಮನೆ ಕೇಳಿದರು. ಆಮೇಲೆ “ನಾಳೆ ನಾನೂ ಬರಲಾ?” ಎಂದರು. ಸರ್, ಈಗ ಕಾಗದದಲ್ಲಿ ಏನು ಬರೆಯಲಿ? ಮಲಯಾಳ ಬರೆಯಲು ಬಾರದು.

ನಿವೃತ್ತ ಗುಮಾಸ್ತ, ಕೂಡ್ಲು · ಜನವರಿ 13, ರಾತ್ರಿ 10:00

ಕನ್ನಡದಲ್ಲೇ ಬರೆಯಿರಿ. ರಾಜೀನಾಮೆಯ ಮಾತೇ ಎತ್ತಬೇಡಿ, ಜಗಳದ ಮಾತೂ ಬೇಡ. ಸಾದಾ ರಜೆ ಅರ್ಜಿ. ನಾನು ಇಂಥವಳು, ಇಂಥ ದಿನದಿಂದ ಕೆಲಸದಲ್ಲಿದ್ದೇನೆ, ಮಾರ್ಚ್ 20ಕ್ಕೆ ಹೆರಿಗೆ ದಿನ ಕೊಟ್ಟಿದ್ದಾರೆ, ಇಂಥ ದಿನದಿಂದ 26 ವಾರ ಹೆರಿಗೆ ರಜೆಯಲ್ಲಿ ಇರುತ್ತೇನೆ, ರಜೆ ಮುಗಿದ ಮೇಲೆ ಕೆಲಸಕ್ಕೆ ಬರುತ್ತೇನೆ. ಕೊನೆಯ ಸಾಲು ಮುಖ್ಯ. ಹೆರಿಗೆಗೆ ಮೊದಲು ಎಂಟು ವಾರದವರೆಗೆ ತೆಗೆದುಕೊಳ್ಳಬಹುದು, ನಿಮ್ಮ ಡೇಟ್‌ಗೆ ಅದು ಜನವರಿ 23ರಿಂದ. ಮೊದಲು ಕಡಿಮೆ ತೆಗೆದುಕೊಂಡರೆ ಮಗುವಿನ ಜೊತೆ ಜಾಸ್ತಿ ದಿನ ಸಿಗುತ್ತದೆ. ಡಾಕ್ಟರ್ ಚೀಟಿಯ ಪ್ರತಿ ಜೊತೆಗಿಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲ್ ಮತ್ತು ತಾರೀಕು ಹಾಕಿಸಿಕೊಳ್ಳಿ. ಹಾಕದಿದ್ದರೆ ಅದನ್ನೇ ಸ್ಪೀಡ್ ಪೋಸ್ಟ್ ಮಾಡಿ ರಶೀದಿ ಇಟ್ಟುಕೊಳ್ಳಿ. ಅವರು ಕೊಟ್ಟ ಮಲಯಾಳದ ಕಾಗದ ವಾಪಸ್ ಕೊಡಬೇಡಿ, ಫೋಟೋ ತೆಗೆದು ನಾದಿನಿಯ ಫೋನಿಗೂ ಕಳಿಸಿಡಿ.

ಇಎಸ್‌ಐ ಆಫೀಸಿಗೂ ಬೇರೆ ಅರ್ಜಿ ಬೇಕು. ಅದು ಅಂಗಡಿಯ ಮೂಲಕವೇ ಆಗಬೇಕೆಂದಿಲ್ಲ.

ಆಮೇಲೂ ಒತ್ತಾಯ ಮಾಡಿದರೆ ವಿದ್ಯಾನಗರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ ವಕೀಲರು ಉಚಿತ, ಆದಾಯ ಎಷ್ಟು ಅಂತ ಕೇಳುವುದಿಲ್ಲ. 15100ಕ್ಕೆ ಫೋನ್ ಮಾಡಿದರೂ ಆಯಿತು. ಸರಕಾರಿ ಕಚೇರಿಗೆ ದೂರನ್ನು ಕನ್ನಡದಲ್ಲೇ ಕೊಡಬಹುದು, ಸಂವಿಧಾನದ 350ನೇ ವಿಧಿ ಅದಕ್ಕೇ ಇರುವುದು. ತರ್ಜುಮೆ ಮಾಡಿ ತನ್ನಿ ಎಂದು ಯಾರಾದರೂ ವಾಪಸ್ ಕಳಿಸಿದರೆ ಇಲ್ಲಿ ಬರೆಯಿರಿ.

ಇನ್ನೊಂದು. ಹೆಂಗಸರು ಕೆಲಸ ಮಾಡುವ ಜಾಗದಲ್ಲೆಲ್ಲ ಹೆರಿಗೆ ಸೌಲಭ್ಯದ ಸಾರಾಂಶವನ್ನು ಕಾಣುವ ಹಾಗೆ ಅಂಟಿಸಬೇಕು. ಆ ಊರಿನ ಭಾಷೆ ಅಥವಾ ಭಾಷೆಗಳಲ್ಲಿ ಎಂದೇ ಕಾನೂನು ಹೇಳುತ್ತದೆ. ಕಾಸರಗೋಡಿನಲ್ಲಿ ಆ ಭಾಷೆಗಳಲ್ಲಿ ಕನ್ನಡವೂ ಒಂದು. ನಾಳೆ ಹೋದಾಗ ನಿಮ್ಮ ಅಂಗಡಿಯ ಗೋಡೆ ಒಮ್ಮೆ ನೋಡಿ.

ಬದಿಯಡ್ಕದ ಸೊಸೆ · ಜನವರಿ 16, ರಾತ್ರಿ 8:50

ಬುಧವಾರ ಇಬ್ಬರೂ ಹೋದೆವು. ಮ್ಯಾನೇಜರ್ ಅರ್ಜಿ ಓದಿ, ಇದು ಬೇಡ, ಮೊದಲು ಆ ಕಾಗದ ಕೊಡು ಎಂದರು. ಮನೆಯಲ್ಲಿದೆ ಸರ್, ಸಹಿ ಹಾಕುವುದಿಲ್ಲ ಎಂದೆ. ಧ್ವನಿ ನಡುಗಿತು, ಆದರೆ ಹೇಳಿದೆ. ಹಣ ಇಎಸ್‌ಐ ಕೊಡುತ್ತದೆ, ನೀವು ಕೊಡಬೇಕಾಗಿಲ್ಲ ಅಂತಲೂ ಹೇಳಿದೆ. ಅವರು ಕೂಡಲೇ ಮಾಲೀಕರಿಗೆ ಫೋನ್ ಮಾಡಿದರು, ಹೊರಗೆ ಹೋಗಿ ಮಾತಾಡಿದರು. ಸೀಲ್ ಹಾಕಲಿಲ್ಲ. ನಾವು ಅಲ್ಲಿಂದಲೇ ಹೆಡ್ ಪೋಸ್ಟ್ ಆಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿದೆವು.

ಇವತ್ತು ಸಂಜೆ ಅವರೇ ಕರೆದು ಪ್ರತಿಯಲ್ಲಿ ಸೀಲ್ ಹಾಕಿ ಕೊಟ್ಟರು. ಮಹಡಿ ಮುಚ್ಚುವುದು ಹೌದಂತೆ. ರಜೆ ಮುಗಿದ ಮೇಲೆ ಕೆಳಗಿನ ಬಿಲ್ಲಿಂಗ್‌ಗೆ ಬಾ ಎಂದರು. ಅದನ್ನೂ ಬರೆದುಕೊಡಿ ಸರ್ ಎಂದೆ. ಸೋಮವಾರ ಕೊಡುತ್ತೇನೆ ಎಂದಿದ್ದಾರೆ. ನನ್ನ ಜೊತೆ ತೆಗೆಯಬೇಕೆಂದಿದ್ದ ಉಳಿದ ಮೂವರಿಗೂ ಇಲ್ಲಿ ಓದಿದ್ದನ್ನು ಹೇಳಿದ್ದೇನೆ. ಒಬ್ಬರು ಆಗಲೇ ಸಹಿ ಹಾಕಿ ಆಗಿದೆ.

ಗೋಡೆ ನೋಡಿದೆ ಸರ್. ಓಣಂ ಆಫರ್‌ನ ಹಳೆಯ ಪೋಸ್ಟರ್ ಇದೆ. ಬೇರೆ ಏನೂ ಇಲ್ಲ.

ನಿವೃತ್ತ ಗುಮಾಸ್ತ, ಕೂಡ್ಲು · ಜನವರಿ 16, ರಾತ್ರಿ 9:20

ಒಳ್ಳೆಯದಾಯಿತು ತಂಗೀ. ಸೋಮವಾರ ಬರೆದುಕೊಡದಿದ್ದರೆ ಮಂಗಳವಾರ ತಿಳಿಸಿ. ಸಹಿ ಹಾಕಿದವರು ತಾರೀಕು ಹಾಕಿದ್ದಾರಾ? ಅದು ಸ್ವೀಕಾರ ಆಗುವ ಮೊದಲೇ ‘ಒತ್ತಾಯದಿಂದ ಹಾಕಿದ್ದು, ಹಿಂತೆಗೆದುಕೊಳ್ಳುತ್ತೇನೆ’ ಎಂದು ನಾಳೆಯೇ ಬರೆದು ಕಳಿಸಲು ಹೇಳಿ. ನನ್ನ ಜೊತೆ ಮಾತಾಡಬೇಕಾದರೆ ಇಲ್ಲೇ ಬರೆಯಲಿ.

ಮುಳ್ಳೇರಿಯ ಹುಡುಗಿ · ಜನವರಿ 16, ರಾತ್ರಿ 11:45

ನನಗೆ ಐದು ತಿಂಗಳು. ನನಗೂ ಒಂದು ಕಾಗದ ಕೊಟ್ಟಿದ್ದಾರೆ, ಇದೂ ಮಲಯಾಳದಲ್ಲಿದೆ. ಫೋಟೋ ಇಲ್ಲಿ ಹಾಕಲಾ?

ಬದಿಯಡ್ಕದ ಸೊಸೆ · ಜನವರಿ 16, ರಾತ್ರಿ 11:52

ಹಾಕಿ. ನಿಮ್ಮ ಹೆಸರು, ಅಂಗಡಿಯ ಹೆಸರು ಮುಚ್ಚಿ ಹಾಕಿ. ನಾದಿನಿ ಇನ್ನೂ ಎಚ್ಚರ ಇದ್ದಾಳೆ, ಈಗಲೇ ಓದಿ ಹೇಳುತ್ತಾಳೆ.